ಗಿಳಿಯ ಮುಖ ಯಾವ ಕಡೆ

ಕಂಪ್ಯೂಟರಿನಲ್ಲಿ ‘ಸೇವ್’ ಒತ್ತಲು ನನಗೆ ಇಂದಿಗೂ ಹೆದರಿಕೆ. ಗುಡೂರಿನ ಶಾಲೆಯಲ್ಲಿ ಮೂವತ್ತೈದು ವರ್ಷ ಗಣಿತ ಕಲಿಸಿದವನು, ಐದಕ್ಕೆ ಎದ್ದು ಐದೂಮುಕ್ಕಾಲಿಗೆ ಚಹಾ ಕುಡಿಯುವವನು, ಒಂದು ಗುಂಡಿಗೆ ಹೆದರುವುದೆಂದರೆ ನಾಚಿಕೆಗೇಡು. ಆದರೆ ಅದಕ್ಕೆ ಕಾರಣವಿದೆ, ಕೇಳಿ.

ನಮ್ಮದು ಇಳಕಲ್ಲಿನ ನೇಕಾರರ ಮನೆ. ಅವ್ವ ತಾನೇ ಕಲ್ಪಿಸಿದ ಸೀರೆಯಂಚಿನ ಇಪ್ಪತ್ತು ಚಿತ್ತಾರಗಳನ್ನು ಚೌಕಳಿ ಹಾಳೆಗಳಲ್ಲಿ ಬರೆದಿಟ್ಟಿದ್ದಳು. ಹಿಂದೊಮ್ಮೆ ಅವನ್ನು ಫ್ಲಾಪಿಗೆ ಹಾಕಿಸಿದೆ. ಒಂದೇ ವಸ್ತು ಎರಡು ಕಡೆ ಇರುವುದು ಅಶಿಸ್ತು ಎಂದುಕೊಂಡು ಹಾಳೆಗಳನ್ನು ನೀರೊಲೆಗೆ ಹಾಕಿದೆ. ಕೆಲವು ವರ್ಷ ಕಳೆದ ಮೇಲೆ ಫ್ಲಾಪಿ ಇತ್ತು, ಆದರೆ ಅದನ್ನು ಓದಬಲ್ಲ ಪ್ರೋಗ್ರಾಮು ಎಲ್ಲಿಯೂ ಸಿಗಲಿಲ್ಲ. ಅಷ್ಟರಲ್ಲಿ ಅವ್ವ ತೀರಿಕೊಂಡಿದ್ದಳು. ಅಕ್ಕ ಗಂಗವ್ವನ ಕೈಗಳಿಗೆ ಹನ್ನೊಂದು ಮಾತ್ರ ನೆನಪಿದ್ದವು. ಈಗ ಅವಳ ಕಣ್ಣೂ ಮಂಜಾಗುತ್ತಿದೆ. ಅವಳು ನೇಯುವಾಗ ಮಗ್ಗದ ಪಕ್ಕ ಕುಳಿತು, ಎಳೆ ಎಣಿಸಿ, ಹನ್ನೊಂದನ್ನೂ ಮತ್ತೆ ಹಾಳೆಗಿಳಿಸಿದೆ.

ಅವನ್ನು ಕಂಪ್ಯೂಟರಿಗೆ ಹಾಕುತ್ತೇನೆಂದವಳು ಅಕ್ಕನ ಸೊಸೆ ವಿಜಯಾ. ಹುನಗುಂದದ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುತ್ತಾಳೆ. ನಾನು ಫ್ಲಾಪಿಯ ಕಥೆ ತೆಗೆದೆ.

“ಮಾವಾರ, ಅದು ಒಂದ ಫಾರ್ಮ್ಯಾಟಿಗೆ, ಅಂದ್ರ ಒಂದ ನಮೂನಿ ಫೈಲಿಗೆ, ಕಟ್ಟಿಹಾಕಿದ್ದಕ್ಕ ಹಂಗಾತು. ಈ ಲೈಬ್ರರಿ ಅನ್ನೂ ಪ್ರೋಗ್ರಾಮಿಗೆ ಅಂಚು ಅಂದ್ರ ಏನಂತ ಒಮ್ಮೆ ಹೇಳಿದ್ರ ಸಾಕು. ಯಾವ ಫಾರ್ಮ್ಯಾಟಿನ್ಯಾಗ ಬೇಕಾದ್ರೂ ಬರೀತೈತಿ, ತಿರುಗಿ ಓದತೈತಿ.”

“ಆ ಫಾರ್ಮ್ಯಾಟೂ ಸತ್ರ?”

“ಸಾಯೂಕಿಂತ ಮೊದಲ ಇನ್ನೊಂದಕ್ಕ ದಾಟಿಸೂದ್ರಿ. ಹೇಳಿದ ವಿವರಣಿ ಅದ ಇರತೈತಲ್ಲ.”

ಪ್ರೋಗ್ರಾಮಿನೊಳಗೆ ಓಡಾಡುವ ಮಾಹಿತಿಯನ್ನು ಸಾಲಾಗಿ ಬಿಡಿಸಿ ಕಡತಕ್ಕಿಳಿಸುವುದು, ಬೇಕೆಂದಾಗ ಮತ್ತೆ ಕಟ್ಟಿ ನಿಲ್ಲಿಸುವುದು: ಇದಕ್ಕೆ ಸೀರಿಯಲೈಸೇಶನ್ ಎನ್ನುತ್ತಾರಂತೆ. ವಿಜಯಾಳದು ಫಂಕ್ಷನಲ್ ಪ್ರೋಗ್ರಾಮಿಂಗ್ ಪಂಥ. ಅಲ್ಲಿ ಫಂಕ್ಷನ್ ಎಂಬುದು ತನಗೆ ಕೊಟ್ಟದ್ದನ್ನು ಕೆಡಿಸುವುದಿಲ್ಲ, ಹೊಸದನ್ನು ಮಾಡಿ ಕೊಡುತ್ತದೆ. ಸೋಮವಾರದ ಉತ್ತರವನ್ನೇ ಶನಿವಾರವೂ ಹೇಳುತ್ತದೆ. ಇಂಥ ವಿದ್ಯಾರ್ಥಿ ನನಗೆ ಒಬ್ಬನೂ ಸಿಗಲಿಲ್ಲ. ಅಂಚು ಎಂದರೆ ಸಾಲುಗಳು, ಸಾಲು ಎಂದರೆ ಬಣ್ಣ ಮತ್ತು ಎಳೆಗಳ ಎಣಿಕೆ, ವಿವರಣೆ ಅಷ್ಟೇ. ಅಕ್ಕನೂ ಹೀಗೇ ಅಲ್ಲವೆ? ಅವಳ ತಲೆಯಲ್ಲಿರುವುದು ಚಿತ್ತಾರ, ನೂಲಲ್ಲ. ಹತ್ತಿ ಕೊಟ್ಟರೆ ಹತ್ತಿಯಲ್ಲಿ, ರೇಷ್ಮೆ ಕೊಟ್ಟರೆ ರೇಷ್ಮೆಯಲ್ಲಿ ಅದೇ ಅಂಚು ಇಳಿಯುತ್ತದೆ.

ಒಪ್ಪಿದೆ, ಆದರೆ ಹೆದರಿಕೆ ಹೋಗಲಿಲ್ಲ. ಪರೀಕ್ಷೆಯಾಗಲಿ ಎಂದೆ. ವಿಜಯಾ ಹನ್ನೊಂದನ್ನೂ ಮೂರು ಫಾರ್ಮ್ಯಾಟುಗಳಲ್ಲಿ ಬರೆಸಿ, ಮರಳಿ ಓದಿಸಿ ಪರದೆಗೆ ತಂದಳು. ನಾನು ಹಾಳೆ ಹಿಡಿದು ಚೌಕ ಚೌಕವಾಗಿ ಎಣಿಸಿದೆ. ಒಂದು ಎಳೆಯೂ ಹೆಚ್ಚುಕಡಿಮೆಯಾಗಿರಲಿಲ್ಲ. ಹೆಮ್ಮೆಯಿಂದ ಅಕ್ಕನನ್ನು ಕರೆದು, ಗಿಳಿಯ ಅಂಚನ್ನು ಪರದೆ ತುಂಬ ದೊಡ್ಡದು ಮಾಡಿ ತೋರಿಸಿದೆವು.

ಅಕ್ಕ ಮೂಗು ತಾಗುವಷ್ಟು ಬಾಗಿ ನೋಡಿದಳು. “ಲೇ ಈರಣ್ಣ, ಅವ್ವನ ಗಿಳಿ ಉಟ್ಟವರ ಮೈ ಕಡಿ ನೋಡತಿತ್ತು. ಇದ್ಯಾಕ ಓಣಿ ಕಡಿ ನೋಡಾಕತ್ತೈತಿ? ನಿನ್ನಂಗ ಯಾರು ಬಂದ್ರು, ಯಾರು ಹೋದ್ರು ಅಂತ ಎಣಸಾಕೇನು?”

ಹಾಳೆ ಹಿಡಿದು ಮಗ್ಗದ ಬಳಿ ಹೋಗಿ ನೋಡಿದೆ. ಅಕ್ಕನ ಮಗ್ಗದಲ್ಲಿ ನೇಯುವಾಗ ಸೀರೆಯ ಒಳಮೈ ಮೇಲಿದ್ದು, ಚಿತ್ತಾರದ ಎಡಬಲ ಅದಲುಬದಲಾಗಿ ಕಾಣುತ್ತದೆ. ನೇಕಾರರ ಮಗನಾದ ನಾನು ಅದನ್ನೇ ಹೊರಮೈ ಎಂದು ತಿಳಿದು ಬರೆದುಕೊಂಡಿದ್ದೆ. ಎಡಬಲ ಒಂದೇ ಇರುವ ಗೋಪುರ, ಚಿಕ್ಕಿಯಂಥ ಚಿತ್ತಾರಗಳಲ್ಲಿ ಆ ತಪ್ಪು ಕಾಣುವುದಿಲ್ಲ, ಗಿಳಿ ಹಿಡಿದುಕೊಟ್ಟಿತು. ಯಂತ್ರವೋ, ಒಂದು ಎಳೆಯನ್ನೂ ಮರೆಯದೆ ನನ್ನ ತಪ್ಪನ್ನು ಮೂರು ಫಾರ್ಮ್ಯಾಟುಗಳಲ್ಲಿ ಜೋಪಾನ ಮಾಡಿತ್ತು. ಅಕ್ಕನ ಕಣ್ಣು ಪೂರ್ತಿ ಹೋದ ಮೇಲೆ ತೋರಿಸಿದ್ದರೆ? ಅವ್ವನ ಗಿಳಿ ಲೋಕ ಮುಳುಗುವವರೆಗೂ ಓಣಿ ನೋಡುತ್ತ ಕೂತಿರುತ್ತಿತ್ತು. ಯಂತ್ರ ಮರೆತೀತೆಂದು ಹೆದರಿಕೊಂಡೇ ಬಂದಿದ್ದವನಿಗೆ, ಅದು ಎಂದಿಗೂ ಮರೆಯದೆಂಬ ಹೊಸ ಹೆದರಿಕೆ ಹತ್ತಿತು.

ವಿಜಯಾ ಒಂದು ಸಾಲಿನ ಫಂಕ್ಷನ್ ಬರೆದು ಗಿಳಿಯನ್ನು ತಿರುಗಿಸಿದಳು. “ಈಗ ನಮ್ಮ ಮನೀದಾತು ನೋಡು,” ಎಂದಳು ಅಕ್ಕ. ಉಳಿದ ಹತ್ತರಲ್ಲಿ ನಾನು ಇನ್ನೇನು ಮಾಡಿಟ್ಟಿದ್ದೇನೋ! ದಿನಕ್ಕೊಂದರಂತೆ ಅವಳಿಗೆ ತೋರಿಸಬೇಕೆಂದು ವೇಳಾಪಟ್ಟಿ ಹಾಕಿದೆ. ಹಾಳೆಗಳಿಗೆ ನಕಲು ತೆಗೆಸಿ, ನೀರೊಲೆಯಿಂದ ದೂರ, ಎರಡು ಮನೆಗಳಲ್ಲಿ ಇಟ್ಟೆ.

“ನಾಳೆ ಆರಕ್ಕ ಬಾ,” ಎಂದಳು ಅಕ್ಕ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ.

ಹೇಳಿದ ಹೊತ್ತಿಗಿಂತ ಒಂದು ನಿಮಿಷ ತಡವಾಗಿಯೂ, ಒಂದು ನಿಮಿಷ ಮುಂಚೆಯೂ ಎಲ್ಲಿಗೂ ಹೋದವನಲ್ಲ ನಾನು. ಮರುದಿನ ಚಹಾ ಬಿಟ್ಟು, ಐದೂವರೆಗೇ ಅವಳ ಬಾಗಿಲು ಬಡಿದೆ.