ಲಲಿತತ್ತೆಯನ್ನು ಹಿಡಿದುಕೊಟ್ಟ ಭಾನುವಾರ

ಆ ಪತ್ತೇದಾರಿ ಧಾರಾವಾಹಿಯ ಸಂಗೀತ ಪಕ್ಕದ ಫ್ಲ್ಯಾಟಿನಿಂದ ಇವತ್ತಿಗೂ ಕೇಳಿಬರುತ್ತದೆ. ಥೂ, ಇನ್ನೂ ಮುಗಿದಿಲ್ಲವಲ್ಲ ಆ ದರಿದ್ರ! ಅದೇ ಇನ್ಸ್‌ಪೆಕ್ಟರು ಕೂದಲಿಗೆ ಬಣ್ಣ ಹಚ್ಚಿಕೊಂಡು ಇನ್ನೂ ಕಳ್ಳರನ್ನು ಹಿಡಿಯುತ್ತಲೇ ಇದ್ದಾನೆ. ಕೇಳಿದ ಕೂಡಲೇ ಜಯನಗರದ ನಮ್ಮ ಹಳೆಯ ಮನೆಯ ಹಜಾರ ಕಣ್ಣಮುಂದೆ ಬರುತ್ತದೆ. ಈಗ ಅಲ್ಲಿ ಆ ಮನೆಯೇ ಇಲ್ಲ. ನಿಮ್ಮ ಮನೆಯಲ್ಲೂ ಅಂಥದೊಂದು ಹಜಾರ ಇದ್ದಿರಬೇಕು. ಭಾನುವಾರ ಸಂಜೆ ಅಜ್ಜಿ, ಅಪ್ಪ, ಅಮ್ಮ, ಗಂಡ ತೀರಿಕೊಂಡ ಮೇಲೆ ತವರಿಗೆ ಬಂದಿದ್ದ ಅಪ್ಪನ ತಂಗಿ ಲಲಿತತ್ತೆ, ನಾನು ಟೀವಿ ಮುಂದೆ ಕೂರುತ್ತಿದ್ದೆವು. ಅತ್ತೆ ತಟ್ಟೆ ತುಂಬ ಸಂಡಿಗೆ ಕರಿದು ತರುತ್ತಿದ್ದರು. ಜಾಹೀರಾತು ಬಂದಾಗ ಒಬ್ಬೊಬ್ಬರೂ ಕಳ್ಳ ಯಾರೆಂದು ಹೇಳಬೇಕು, ಅದು ನಮ್ಮ ಮನೆಯ ಪದ್ಧತಿ. ಒಂದು ಗಂಟೆಯೊಳಗೆ ಯಾರೋ ಒಬ್ಬ ಸಿಕ್ಕಿಬೀಳುತ್ತಿದ್ದ, ಉಳಿದವರೆಲ್ಲ ಸಾಚಾ ಆಗಿಬಿಡುತ್ತಿದ್ದರು. ಆ ಸುಖಕ್ಕೇ ನಾವು ಬಾಯಿಬಿಟ್ಟುಕೊಂಡು ನೋಡುತ್ತಿದ್ದೆವು.

ನನಗೂ ಆ ಚಟ ಹತ್ತಿತು. ಪದ್ಮನಾಭನಗರದಲ್ಲಿ ಟ್ಯೂಷನ್ ಹೇಳುತ್ತಿದ್ದ ಅತ್ತೆ ಶನಿವಾರ ಮಾತ್ರ ತಡವಾಗಿ ಬರುವುದನ್ನು ಗಮನಿಸಿ, ಸೈಕಲ್ಲಿನಲ್ಲಿ ಹಿಂಬಾಲಿಸಿದೆ. ಬೇಕರಿಯೊಂದರ ಮೂಲೆಯಲ್ಲಿ ನಿಂತು ಅವರು ಎಗ್ ಪಫ್ಸ್ ತಿನ್ನುತ್ತಿದ್ದರು, ಕಣ್ಣು ಮುಚ್ಚಿಕೊಂಡು, ನಿಧಾನವಾಗಿ. ಅಷ್ಟು ನೆಮ್ಮದಿಯಾಗಿ ಅವರು ಮನೆಯಲ್ಲಿ ಉಂಡದ್ದನ್ನು ನಾನು ಕಂಡಿರಲಿಲ್ಲ. ಮೊಟ್ಟೆಯ ಹೆಸರನ್ನೂ ಎತ್ತದ ಮಡಿಯ ಮನೆ ನಮ್ಮದು.

ಮರುದಿನ ಜಾಹೀರಾತಿನ ಹೊತ್ತಿಗೆ ಎದ್ದು ನಿಂತು, ಟೀವಿಯವನಂತೆಯೇ ಬೆರಳು ತೋರಿಸಿದೆ. "ಕಳ್ರು ಇಲ್ಲೇ ಇದಾರೆ! ಅತ್ತೆ ಬೇಕರೀಲಿ ಮೊಟ್ಟೆ ತಿಂತಾರೆ. ನಾನೇ ನೋಡ್ದೆ!" ಹೇಳಿ ಚಪ್ಪಾಳೆಗೆ ಕಾದೆ. ಛೀ, ಎಂಥ ಅಸಹ್ಯದ ಹುಡುಗ ನಾನು! "ಹೌದೇನೇ?" ಅಂದರು ಅಜ್ಜಿ. ಅತ್ತೆ ಒಂದು ಗಳಿಗೆ ನನ್ನ ಮುಖ ನೋಡಿ, "ಹೌದಮ್ಮ" ಅಂದರು. "ಇನ್ಮೇಲೆ ಅಡುಗೆಮನೆಗೆ ಕಾಲಿಡ್ಬೇಡ" ಎಂದು ಅಜ್ಜಿ ಟೀವಿಯತ್ತ ತಿರುಗಿದರು. ಅತ್ತೆ ಎದ್ದು ಒಳಗೆ ಹೋದರು. ನಾವು ಕಳ್ಳ ಸಿಕ್ಕುವವರೆಗೂ ಕೂತು ನೋಡಿದೆವು, ಅವರು ಕರಿದಿಟ್ಟ ಸಂಡಿಗೆಯನ್ನೂ ತಿಂದು ಮುಗಿಸಿದೆವು.

ತಿಂಗಳೊಳಗೆ ಅತ್ತೆ ಸಾರಕ್ಕಿಯಲ್ಲಿ ಒಂದು ರೂಮು ಹಿಡಿದು ಹೊರಟುಹೋದರು. ಮತ್ತೆ ನಮ್ಮ ಹೊಸ್ತಿಲು ತುಳಿಯಲಿಲ್ಲ. ಅವರು ಕಾಯಿಲೆ ಬಿದ್ದ ಮೇಲೆ, ತೀರಿಕೊಳ್ಳುವ ಕೆಲವೇ ದಿನ ಮೊದಲು, ಆ ರೂಮಿನಲ್ಲಿ ಕೂತು ಕೊನೆಗೂ ಕೇಳಿದೆ. "ಇಲ್ಲ ಅಂದ್ಬಿಡಬಹುದಿತ್ತಲ್ಲ ಅತ್ತೆ? ಎಲ್ರೂ ನಿಮ್ಮ ಮಾತನ್ನೇ ನಂಬ್ತಿದ್ರು."

"ನಂಬ್ತಿದ್ರು ಕಣೋ," ಅಂದರು. "ಆಮೇಲೆ ಸುಳ್ಳು ಹೇಳ್ದೆ ಅಂತ ನಿಮ್ಮಪ್ಪ ನಿನ್ನ ಚರ್ಮ ಸುಲೀತಿದ್ದ. ನಿಂಗಾಗ ಬರೀ ಹತ್ತು ವರ್ಷ."