ಅವ್ವನ ಪೂಜೆಯ ಕಂಬ ಮತ್ತು ನಮ್ಮ ನಾಯಿ

ಆಳಂದದಲ್ಲಿರುವ ನಮ್ಮ ಮನೆಯನ್ನು ನಾನೇ ಕಟ್ಟಿದ್ದು. ಈ ಮಾತನ್ನು ಎಷ್ಟು ಸಲ ಹೇಳಿದರೂ ನನಗೆ ಸಾಕೆನಿಸುವುದಿಲ್ಲ. ನಾಲ್ಕನೇ ಇಯತ್ತೆಗೇ ಶಾಲೆ ಬಿಟ್ಟು ಗೌಂಡಿಗಳ ಹಿಂದೆ ಗಾರೆಯ ಬುಟ್ಟಿ ಹೊತ್ತವನು ನಾನು. ಮುಂದೆ ನಾನೇ ಗೌಂಡಿಯಾಗಿ ಅಫಜಲಪುರದಿಂದ ಜೇವರ್ಗಿಯವರೆಗೆ ಮಂದಿಯ ಮನೆಗಳ ಗೋಡೆ ಏರಿಸಿದೆ. ಎಂಬತ್ತರ ದಶಕದ ನಡುವಿನಲ್ಲಿ ಕಡೆಗೂ ನನ್ನ ಅವ್ವನಿಗೆ ಒಂದು ಪಡಸಾಲೆ ಕಟ್ಟಿಕೊಟ್ಟೆ. ನೆಲಕ್ಕೆಲ್ಲ ಪರಸಿ ಕಲ್ಲು. ಸಂದಿಯಲ್ಲಿ ಉಗುರು ಸೇರದ ಹಾಗೆ ಕೂಡಿಸಿದ್ದೆ. ನಡುವೆ ಒಂದು ಕಲ್ಲಿನ ಕಂಬ. ಅದರ ಬುಡದಲ್ಲಿ ಮಣೆ ಹಾಕಿಕೊಂಡು ಅವ್ವ ದಿನಾ ಬೆಳಿಗ್ಗೆ ಲಿಂಗಪೂಜೆಗೆ ಕೂಡುತ್ತಿದ್ದಳು. ಬಂದವರಿಗೆಲ್ಲ, "ನನ್ನ ಮಗ ಹಾಕಿದ ಪರಸಿ, ಕಾಲಿಟ್ಟು ನೋಡ್ರಿ, ಎಷ್ಟ ತಂಪ ಅದ" ಅನ್ನುತ್ತಿದ್ದಳು.

ನಾಯಿ ಬಂದದ್ದು ಘತ್ತರಗಿಯಿಂದ. ಅಲ್ಲಿ ದೇವಿಗೆ ಬರುವ ಮಂದಿ ಇಳಿದುಕೊಳ್ಳಲು ಒಬ್ಬರು ಕಟ್ಟಿಸುತ್ತಿದ್ದ ಕೋಣೆಗಳ ಗೋಡೆಗೆ ನಾನು ಸಿಮೆಂಟಿನ ಗಿಲಾವು ಬಳಿಯುತ್ತಿದ್ದೆ. ಉಸುಕಿನ ಗುಂಪಿಯ ಮೇಲೆ ಒಂದು ಕೆಂದು ಬಣ್ಣದ ಗಂಡು ಕುನ್ನಿ ಮಲಗಿರುತ್ತಿತ್ತು. ಉಸುಕು ಜರಡಿ ಹಿಡಿಯಲು ಹೋದರೆ ಏಳುತ್ತಿರಲಿಲ್ಲ. ಎತ್ತಿ ಪಕ್ಕಕ್ಕಿಟ್ಟರೆ ಮತ್ತೆ ಬಂದು ಅಲ್ಲೇ ಮಲಗುತ್ತಿತ್ತು. ಕೆಲಸ ಮುಗಿದ ದಿನ ಸಿಮೆಂಟಿನ ಬುಟ್ಟಿಯಲ್ಲಿ ಕೂಡಿಸಿಕೊಂಡು ಬಸ್ಸು ಹತ್ತಿದೆ. ಕಂಡಕ್ಟರ್ ಬುಟ್ಟಿಯೊಳಗೆ ಬಗ್ಗಿ ನೋಡಿ, "ಇದಕ್ಕೂ ಟಿಕೀಟ ಹರೀಲೇನು ಗೌಂಡಿ?" ಅಂದ. "ನಿಂತ್ಕೊಂಡ್ ಬರ್ತದ ಬಿಡ್ರಿ" ಅಂದೆ.

ವರ್ಷ ತುಂಬುವವರೆಗೆ ಅದು ಮನೆಯ ಮಗುವಿನ ಹಾಗೆ ಇತ್ತು. ಅವ್ವನೂ ಬೈಯುತ್ತಲೇ ರೊಟ್ಟಿ ಹಾಕುತ್ತಿದ್ದಳು. ಪ್ರಾಯಕ್ಕೆ ಬಂದದ್ದೇ ತಡ, ಕಾಲೆತ್ತಲು ಶುರು ಮಾಡಿತು. ಓಣಿಯಲ್ಲೆಲ್ಲ ತಿರುಗಿ, ಬೇವಿನ ಗಿಡಕ್ಕೂ ವಿದ್ಯುತ್ ಕಂಬಕ್ಕೂ ತನ್ನ ಪಾಲು ಕೊಟ್ಟು ಬಂದ ಮೇಲೂ, ಪಡಸಾಲೆಯ ಕಂಬಕ್ಕೆಂದು ಒಂದಿಷ್ಟು ಉಳಿಸಿಕೊಂಡೇ ಬರುತ್ತಿತ್ತು. ಉಚ್ಚೆ ಒತ್ತಿ ಬಂದು ಹೊಯ್ಯುವುದಲ್ಲ ಅದು. ನಾಲ್ಕೇ ಹನಿ, ಅದೂ ಸರಿಯಾಗಿ ಅವ್ವನ ಮಣೆಯ ಪಕ್ಕಕ್ಕೆ.

ಮೊದಲ ಸಲ ಅವ್ವ ನೀರು ಹಾಕಿ ತೊಳೆದಳು. ಎರಡನೆಯ ಸಲ ನಮ್ಮ ಮನೆಯ ಆಕಳ ಹತ್ತಿರ ಹೋಗಿ, ತಂಬಿಗೆಯಲ್ಲಿ ಗಂಜಳ ಹಿಡಿದುಕೊಂಡು ಬಂದು ಕಂಬದ ಸುತ್ತ ಚಿಮುಕಿಸಿದಳು. ಮೈಲಿಗೆಯಾದ ನೆಲಕ್ಕೆ ಆಕಳ ಗಂಜಳಕ್ಕಿಂತ ಮಿಗಿಲಾದದ್ದಿಲ್ಲ ಎಂದು ಅವಳ ತವರಿನಿಂದ ಬಂದ ನಂಬಿಕೆ. ಮರುದಿನ ನಾಯಿ ಮತ್ತೆ ಕಾಲೆತ್ತಿತು. ಅವ್ವ ಮತ್ತೆ ಗಂಜಳ ತಂದಳು, ಈ ಸಲ ಇನ್ನೂ ಧಾರಾಳವಾಗಿ. ಹೀಗೆ ಇಬ್ಬರಿಗೂ ಪಂತ ಬಿದ್ದಿತು. ಇವಳು ಚಿಮುಕಿಸುವುದು, ಅದು ಮೂಸಿ ನೋಡುವುದು, ಕಾಲೆತ್ತುವುದು. ನಾನು ಗದರಿಸಿದೆ. ಗದರಿಸಿದಾಗ ಕಿವಿ ಮಡಚಿ ಹೊರಗೆ ಹೋಗುತ್ತಿತ್ತು, ನಾನು ಕೆಲಸಕ್ಕೆ ಹೋದ ಮೇಲೆ ತನ್ನ ಕೆಲಸ ಮುಗಿಸುತ್ತಿತ್ತು.

ಒಂದು ದಿನ ಅವ್ವ ಅಂಗೈಯಲ್ಲಿ ಲಿಂಗ ಹಿಡಿದು ಕಣ್ಣು ಮುಚ್ಚಿದ್ದಾಗಲೇ ಅದು ಬಂದು ಕಂಬಕ್ಕೆ ಕಾಲೆತ್ತಿತು. ಸಿಡಿದದ್ದು ಅವ್ವನ ಸೀರೆಯ ಅಂಚಿಗೆ. ಅವಳು ಪೂಜೆ ಮುಗಿಸಿ, ಮತ್ತೊಮ್ಮೆ ಮೈ ತೊಳೆದುಕೊಂಡು ಬಂದು, ರೊಟ್ಟಿ ತಿನ್ನುತ್ತಿದ್ದ ನನ್ನ ಎದುರಿಗೆ ಕೂತಳು.

"ಬರೋ ಅಮಾಸಿ ಒಳಗ ಈ ನಾಯಿ ಮನಿ ಬಿಡ್ಬೇಕು ನೋಡಪ. ಇಲ್ಲಂದ್ರ ನಾ ಅಫಜಲಪುರಕ್ಕ ಮಗಳ ಮನಿಗಿ ಹೋಗ್ತೇನಿ."

"ಅವ್ವಾ, ಮೂಕ ಪ್ರಾಣಿ..."

"ಮೂಕ ಅದ, ಖರೇ. ಕಾಲರೆ ಸುಮ್ ಇರಬೇಕಲ್ಲ!"

ನನ್ನ ಹೆಂಡತಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಅಡುಗೆಮನೆಗೆ ಓಡಿದಳು. ನಗುವ ಮಾತಾಗಿರಲಿಲ್ಲ. ಅವ್ವ ಆಡಿದಂತೆ ಮಾಡುವವಳು. ನನ್ನ ಜೊತೆ ಕೆಲಸಕ್ಕೆ ಬರುತ್ತಿದ್ದ ಯಡ್ರಾಮಿ ಕಡೆಯವನೊಬ್ಬ, "ನಮ್ಮ ಹೊಲಕ್ಕ ಕಾವಲಿ ನಾಯಿ ಬೇಕಾಗ್ಯದ, ಕೊಡ್ರಿ" ಎಂದಿದ್ದ. ಅಮಾವಾಸ್ಯೆಯ ದಿನ ಬಂದು ಒಯ್ಯಿ ಎಂದು ಅವನಿಗೆ ಹೇಳಿಯೂ ಬಿಟ್ಟೆ. ಹೇಳಿದ ಮೇಲೆ ಆ ದಿನ ಗೋಡೆಯ ಒಂದು ವರಸೆಯೂ ನೆಟ್ಟಗೆ ಬರಲಿಲ್ಲ. ದಾರದ ಗುಂಟ ಇಟ್ಟ ಕಲ್ಲೂ ಸೊಟ್ಟ ಕಾಣುತ್ತಿತ್ತು.

ಸರಕಾರಿ ದನದ ದವಾಖಾನೆಗೆ ಹೋಗಿ ಕೇಳಿ ಬಾ ಎಂದವಳು ಹೆಂಡತಿ. ನಾಯಿಯನ್ನು ಹಗ್ಗಕ್ಕೆ ಕಟ್ಟಿಕೊಂಡು ಹೋದೆ. ಡಾಕ್ಟರು ವಯಸ್ಸಿನಲ್ಲಿ ನನಗಿಂತ ಸಣ್ಣವರು, ಸಮಾಧಾನದ ಮನುಷ್ಯ. ಎಲ್ಲ ಕೇಳಿಕೊಂಡರು.

"ಬೀಜಾ ತೆಗಸಿದ್ರ ಕಡಿಮಿ ಆಗ್ತದ. ಆದ್ರ ಮೊದಲ ಮನಿ ನೋಡೋಣ. ಅದು ಹೊಯ್ದ ಜಾಗ ಏನ್ ಹಾಕಿ ತೊಳೀತೀರಿ?"

"ಆಕಳ ಗಂಜಳ ಹಾಕ್ತೀವ್ರಿ ಸಾಹೇಬ್ರ."

ಅವರು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟು ನಕ್ಕರು. "ನಿಮಗದು ಮಡಿ. ನಾಯಿಗಿ ಬ್ಯಾರೆ ಪ್ರಾಣಿ ಬಂದು ಉಚ್ಚಿ ಹೊಯ್ದು ಹೋದ ಗುರತು. ಇದು ನನ್ನ ಮನಿ ಅಂತ ಮ್ಯಾಲ ತನ್ನದೊಂದ್ ರುಜು ಹಾಕ್ತದ. ಆ ಕಂಬದ ಹತ್ರ ಮತ್ತೇನ್ ಇಡ್ತೀರಿ?"

"ನನ್ನ ಸಾಮಾನಿನ ಚೀಲಾರಿ. ಕರಣಿ, ಗುಂಡು, ಸುತ್ತಿಗಿ..."

"ಕೆಲಸದ ಜಾಗಾದಾಗ ಆ ಚೀಲ ಎಲ್ಲಿ ಇಡ್ತೀರಿ?"

ಎಲ್ಲಿ ಇಡುವುದು, ನೆಲದ ಮೇಲೆ, ಉಸುಕಿನ ಪಕ್ಕ. ಉಸುಕಿನ ಗುಂಪಿ ಎಂದರೆ ಊರ ನಾಯಿಗಳಿಗೆಲ್ಲ ಕಾಲೆತ್ತುವ ಜಾಗ. ಮೂರು ತಾಲೂಕಿನ ಗಂಡುನಾಯಿಗಳ ವಾಸನೆಯನ್ನು ನಾನೇ ದಿನಾ ಸಂಜೆ ಹೆಗಲ ಮೇಲೆ ಹೊತ್ತು ತಂದು ಅವ್ವನ ಕಂಬಕ್ಕೆ ಒರಗಿಸಿಡುತ್ತಿದ್ದೆ. ಡಾಕ್ಟರು ಕಡೆಗೆ ಇನ್ನೊಂದು ಮಾತು ಹೇಳಿದರು. "ನಾಯಿ ಉಣ್ಣೋ ಜಾಗಾದಾಗ ಹೊಯ್ಯೂದಿಲ್ಲ. ಚೊಲೋತ್ನಾಗ ತೊಳದ್ ಮ್ಯಾಲ ಅಲ್ಲೇ ಅದಕ್ಕ ಉಣ್ಣಾಕ ಇಡ್ರಿ. ಹೊಯ್ದ ಮ್ಯಾಲ ಹೊಡದ್ರ ಅದಕ್ಕ ತಿಳಿಯೂದಿಲ್ಲ. ಕಾಲ್ ಎತ್ತೂ ಮೊದಲ ಹೊರಗ ಕರ್ಕೊಂಡ್ ಹೋಗ್ರಿ."

ಮನೆಗೆ ಬರುವ ದಾರಿಯಲ್ಲೆಲ್ಲ ನನಗೆ ಒಂದೇ ಚಿಂತೆ. ಗಂಜಳ ಹಾಕಬೇಡ ಎಂದು ಅವ್ವನಿಗೆ ಹೇಗೆ ಹೇಳುವುದು? ಕಡೆಗೆ ಚೀಲದ ಕಡೆಯಿಂದಲೇ ಶುರು ಮಾಡಿದೆ.

"ಅವ್ವಾ, ಡಾಕ್ಟರ್ ಹೇಳಿದ್ರು, ಅರ್ಧ ತಪ್ಪು ನನ್ನ ಚೀಲದ್ದಂತ."

"ನಾ ಮೊದಲ ಹೇಳಿಲ್ಲೇನು, ಆ ಹೊಲಸ ಚೀಲ ಹೊರಗ ಇಡಲೇ ಅಂತ! ಉಳದ ಅರ್ಧ ಯಾರದು?"

ಒಳಗೆ ಬರುವಾಗಲೇ ನನ್ನಿಂದ ಎಲ್ಲ ಕೇಳಿಕೊಂಡಿದ್ದ ಹೆಂಡತಿ ಮೆಲ್ಲಗೆ, "ಗಂಜಳದ್ದಂತ್ರಿ ಅತ್ತಿ" ಅಂದಳು.

ಅವ್ವನ ಮುಖ ಕೆಂಪಾಯಿತು. "ಆಕಳ ಗಂಜಳ ಹೊಲಸಂತಾನೇನು ಅಂವ?"

"ಹೊಲಸಂದಿಲ್ಲವ್ವಾ. ನಾಯಿ ಮೂಗಿಗಿ ಅದರ ಮಹತ್ವ ತಿಳಿಯೂದಿಲ್ಲ ಅಂದ್ರು."

ಡಾಕ್ಟರು ಹೀಗೆ ಅಂದಿರಲಿಲ್ಲ. ಆದರೆ ಈ ಮಾತು ಅವ್ವನಿಗೆ ಹಿಡಿಸಿತು. ನಾಯಿಯ ಕಡೆ ನೋಡಿ, "ಅದಕ್ಕೇನ್ ತಿಳೀತದ, ಮೂಳ" ಅಂದಳು. ಆಮೇಲೆ, ಅಮಾವಾಸ್ಯೆಯ ತನಕ ಕಂಬಕ್ಕೆ ವಿಭೂತಿಯ ನೀರು ಚಿಮುಕಿಸಿದರೆ ಸಾಕು ಎಂದು ತಾನೇ ತೀರ್ಮಾನ ಮಾಡಿದಳು.

ಮರುದಿನ ನಾನು ಕೆಲಸಕ್ಕೆ ಹೋಗಲಿಲ್ಲ. ಕಂಬದ ಬುಡದ ಸಂದಿಯ ಹಳೆಯ ಸಿಮೆಂಟನ್ನೆಲ್ಲ ಉಳಿಯಿಂದ ಕೆದರಿ ತೆಗೆದೆ. ಕಲ್ಲನ್ನು ತೊಳೆದರೆ ಆಗುತ್ತದೆ, ಸಂದಿ ಕುಡಿದದ್ದನ್ನು ಬಿಡುವುದಿಲ್ಲ. ಹೆಂಡತಿ ಕುದಿಯುವ ನೀರಿಗೆ ಅಂಟವಾಳ ಕಿವುಚಿ ಹಾಕಿ ತಿಕ್ಕಿದಳು. ಒಣಗಿದ ಮೇಲೆ ಗಟ್ಟಿ ಸಿಮೆಂಟು ಕಲಸಿ ಸಂದಿ ತುಂಬಿದೆ. ಗೋಣಿಚೀಲ ಹೊದಿಸಿ ನೀರು ಕುಡಿಸಿ, ಅದು ಗಟ್ಟಿಯಾಗುವ ತನಕ ನಾಯಿಯನ್ನು ಅಂಗಳದಲ್ಲೇ ಕಟ್ಟಿದೆವು. ನನ್ನ ಸಾಮಾನಿನ ಚೀಲಕ್ಕೆ ಹೊರಗೋಡೆಯಲ್ಲಿ ಎತ್ತರಕ್ಕೆ ಒಂದು ಗೂಟ ಹೊಡೆದೆ.

ಉಳಿದದ್ದು ಉಣ್ಣುವ ಜಾಗದ ಮಾತು. ಅದನ್ನು ಹೇಳಲು ನನಗೆ ಧೈರ್ಯ ಬರಲಿಲ್ಲ. ಹೆಂಡತಿಯೇ ಹೇಳಿದಳು.

"ನನ್ನ ಪೂಜಿ ಜಾಗಾದಾಗ ನಾಯಿಗಿ ಎಡಿ ಇಡ್ತೀರೇನು?" ಅಂದಳು ಅವ್ವ.

"ಪೂಜಿ ಮುಗದ್ ಮ್ಯಾಲರಿ ಅತ್ತಿ. ಮಠದ ಅಯ್ಯನೋರು ಬಂದಾಗ ಅಲ್ಲೇ ಊಟಕ್ಕ ಕೂಡಸ್ತೀರಲ್ಲ..."

"ನಾಯೀನ ಒಯ್ದು ಅಯ್ಯನೋರ ಪಂಕ್ತಿಗಿ ಕೂಡಸಾಕತ್ತಿ ಏನ್ ಬೇ!" ಎಂದು ಅವ್ವ ಗದರಿದಳು. ಆದರೆ ಬಾಯಿಯ ಮೂಲೆಯಲ್ಲಿ ನಗೆ ಇತ್ತು. ಹೂಂ ಅನ್ನಲಿಲ್ಲ, ಉಹೂಂ ಎಂದೂ ಅನ್ನಲಿಲ್ಲ. ಹೆಂಡತಿ ಅಂದೇ ಕಂಬದ ಬುಡಕ್ಕೆ ಒಂದು ಮಣ್ಣಿನ ಪರಿಯಾಣ, ನಾಯಿಯ ಊಟದ ತಟ್ಟೆ, ತಂದಿಟ್ಟಳು. ನಾನು ಬೆಳಿಗ್ಗೆ ಎದ್ದ ಕೂಡಲೇ ನಾಯಿಯನ್ನು ಹೊಲದ ದಾರಿಯಲ್ಲಿ ತಿರುಗಾಡಿಸಿ ಕರೆದುಕೊಂಡು ಬರುತ್ತಿದ್ದೆ. ಬಂದ ಮೇಲೆ ಅದು ಕಂಬದ ಹತ್ತಿರ ಹೋಗಿ ಮೂಸುತ್ತಿತ್ತು. ನಾವು ಮೂವರೂ ಅದರ ಹಿಂಗಾಲನ್ನೇ ನೋಡುತ್ತಿದ್ದೆವು. ಒಮ್ಮೆ ಕಾಲು ಅರ್ಧ ಮೇಲೆದ್ದಿತು. "ಏಯ್!" ಎಂದು ಕೂಗಿದವಳು ಅವ್ವ. ಕಾಲು ಕೆಳಗಿಳಿಯಿತು. ನಾನು ಅದನ್ನು ಹೊರಗೆ ಕರೆದುಕೊಂಡು ಓಡಿದೆ.

ಅಮಾವಾಸ್ಯೆ ಬಂದಿತು. ಯಡ್ರಾಮಿಯವನು ಬೆಳಿಗ್ಗೆಯೇ ಹಗ್ಗ ಹಿಡಿದು ಬಾಗಿಲಲ್ಲಿ ನಿಂತ. ಆಡಿದ ಮಾತಿನಿಂದ ಹಿಂದೆ ಸರಿದು ನನಗೆ ರೂಢಿಯಿಲ್ಲ. ಅವನನ್ನು ಒಳಗೆ ಕರೆದೆ. ಅವ್ವ ಆಗಷ್ಟೇ ಪೂಜೆ ಮುಗಿಸಿ ಕಂಬದ ಬುಡವನ್ನು ಬೆರಳಿನಿಂದ ಮುಟ್ಟಿ ನೋಡುತ್ತಿದ್ದಳು. ಒಣಗಿತ್ತು. ಸುಮಾರು ದಿನದಿಂದ ಒಣಗಿಯೇ ಇತ್ತು. ಅವಳು ಎದ್ದು ಅಡುಗೆಮನೆಗೆ ಹೋಗಿ, ಬಿಸಿ ರೊಟ್ಟಿ ತಂದು ಮುರಿದು, ಹಾಲು ಹಾಕಿ, ಪರಿಯಾಣದಲ್ಲಿಟ್ಟಳು. ನಾಯಿ ಬಾಲ ಆಡಿಸುತ್ತ ಬಂದು ಬಾಯಿ ಹಾಕಿತು.

"ಒಯ್ಯಲೇನ್ರಿ ಆಯಿ?" ಎಂದು ಅವನು ಹಗ್ಗ ಬಿಚ್ಚಿದ.

"ಉಣ್ಣಾಕತ್ತದ, ಕಾಣಂಗಿಲ್ಲೇನು? ಎಡಿ ಮುಂದ ಕುಂತವರ್ನ ಯಾರರೆ ಎಬ್ಬಸ್ತಾರೇನ್ ತಮ್ಮಾ?" ಅಂದಳು ಅವ್ವ. ಆಮೇಲೆ ಅಡುಗೆಮನೆಯ ಕಡೆ ತಿರುಗಿ, "ಏ, ಇವಗೊಂದ್ ಕಪ್ ಚಾ ಕೊಡ ಬೇ. ನಿಮ್ಮ ಓಣ್ಯಾಗ ಬ್ಯಾರೆ ಕುನ್ನಿ ಸಿಗಂಗಿಲ್ಲೇನಪ?" ಎಂದು ಕೇಳಿದಳು.

ಅವನು ನನ್ನ ಮುಖ ನೋಡಿದ. ನಾನು ಪರಸಿಯ ಸಂದಿ ನೋಡುತ್ತ ನಿಂತೆ. ಚಹಾ ಕುಡಿದು, ಹಗ್ಗವನ್ನು ಸುತ್ತಿ ಕಿಸೆಗೆ ಹಾಕಿಕೊಂಡು ಅವನು ಎದ್ದ. ನಾಯಿ ಪರಿಯಾಣ ನೆಕ್ಕಿ ಮುಗಿಸಿ ಅವ್ವನ ಮಣೆಯ ಪಕ್ಕ ತಂಪು ಕಲ್ಲಿನ ಮೇಲೆ ಮೈ ಚೆಲ್ಲಿತ್ತು. ಅದನ್ನು ದಾಟಿಕೊಂಡೇ ಅವನು ಬಾಗಿಲಿಗೆ ಹೋಗಬೇಕಾಯಿತು.