ಬೆರಳಕ್ಕನ ಅರ್ಧ ಪದಗಳು

ಕಾಲೇಜಿನ ಮೂರನೇ ಮಹಡಿಯ ತರಗತಿಯಲ್ಲಿ, ಮೊದಲ ಬೆಂಚಿನ ಪಕ್ಕ ಒಂದು ಕುರ್ಚಿ ಇದೆ. ಅದರಲ್ಲಿ ಕೂರುವವರು ದಿನವೂ ಪಾಠ ಕೇಳುತ್ತಾರೆ, ಪರೀಕ್ಷೆ ಮಾತ್ರ ಬರೆಯುವುದಿಲ್ಲ. ಅವರ ಮುಂದೆ ಸ್ಟ್ಯಾಂಡಿನ ಮೇಲೆ ಒಂದು ಪುಟ್ಟ ಯಂತ್ರ. ನಾಲ್ಕೈದು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಪದದ ಒಂದು ತುಣುಕು, ಎರಡು ಮೂರು ಸಲ ಒತ್ತಿದರೆ ಒಂದು ಪದ. ಮೇಷ್ಟ್ರ ಇಂಗ್ಲಿಷ್ ಪಾಠ ಪಕ್ಕದ ಹುಡುಗಿಯ ಪರದೆಯ ಮೇಲೆ ಅಕ್ಷರವಾಗಿ ಮೂಡುತ್ತದೆ. ಹನ್ನೆರಡನೇ ವಯಸ್ಸಿನಲ್ಲಿ ಜ್ವರ ಬಂದು ಆ ಹುಡುಗಿಗೆ ಕಿವಿ ಕೇಳಿಸದಂತಾಯಿತು. ಕುರ್ಚಿಯವರನ್ನು ತರಗತಿಯೆಲ್ಲ ಬೆರಳಕ್ಕ ಎಂದು ಕರೆಯುತ್ತದೆ.

ಬೆರಳಕ್ಕ ಹನ್ನೊಂದು ವರ್ಷ ನ್ಯಾಯಾಲಯದಲ್ಲಿ ಸಾಕ್ಷಿಗಳ ಹೇಳಿಕೆ ಬರೆದುಕೊಂಡವರು. "ಅಲ್ಲಿ ಯಾರೂ ನಗ್ತಿರಲಿಲ್ಲ, ಸ್ವಲ್ಪ ತಡ ಆದ್ರೂ ನಡೀತಿತ್ತು," ಎನ್ನುತ್ತಾರೆ. ಇಲ್ಲಿ ನಡೆಯುವುದಿಲ್ಲ. ಯಂತ್ರಕ್ಕೆ ಗೊತ್ತಿರುವ ಪದ ತಕ್ಷಣ ಬರುತ್ತದೆ. ಗೊತ್ತಿಲ್ಲದ್ದಾದರೆ ಒಂದೊಂದೇ ಅಕ್ಷರ ಒತ್ತಬೇಕು, ಐದಾರು ಸೆಕೆಂಡು ಹೋಗುತ್ತದೆ. ಜೋಕುಗಳು ಹೆಚ್ಚಾಗಿ ಇರುವುದು ಅಂಥ ಪದಗಳಲ್ಲೇ. ನಗು ಎದ್ದಾಗ "ತರಗತಿ ನಗುತ್ತಿದೆ" ಎಂದು ಕಂಸದಲ್ಲಿ ಬರೆಯುವುದು ಈ ಕೆಲಸದ ನಿಯಮ. ಹುಡುಗಿ ಅದನ್ನು ಓದಿ ಸುಮ್ಮನೆ ಕೂರುತ್ತಿದ್ದಳು.

ಒಂದು ದಿನ ಬೆರಳಕ್ಕ ಪರದೆಯ ಮೇಲೆಯೇ ಕೇಳಿದರು: ನಿಂಗೆ ನಗು ಬರಲ್ವೇನೆ?

"ಬರುತ್ತಕ್ಕ. ಎಲ್ಲರದ್ದೂ ಮುಗಿದ್ಮೇಲೆ ನಾನೊಬ್ಳೇ ನಕ್ಕರೆ, ಬಸ್ಸು ಹೋದ್ಮೇಲೆ ಕೈ ಅಡ್ಡ ಹಿಡಿದಂಗಿರುತ್ತೆ. ಎಲ್ಲಾ ತಿರುಗಿ ನೋಡ್ತಾರೆ. ನಗೋದೇ ಬಿಟ್ಟಿದೀನಿ."

ಆ ಮಾತು ಬೆರಳಕ್ಕನ ಮನಸ್ಸಿನಲ್ಲಿ ಕೂತುಬಿಟ್ಟಿತು.

ಮುಂದಿನ ವಾರದ ಪಾಠ ಇಂಗ್ಲಿಷಿನ ಬೆಸುಗೆ ಪದಗಳದ್ದು. ಎರಡು ಪದ ಕತ್ತರಿಸಿ, ಒಂದರ ತಲೆಗೆ ಇನ್ನೊಂದರ ಬಾಲ ಅಂಟಿಸಿದವು ಅವು. ನಗಿಸುವುದರಲ್ಲಿ ಈ ಮೇಷ್ಟ್ರು ಎತ್ತಿದ ಕೈ. ಬೆರಳಕ್ಕ ಅವರ ಕೋಣೆಗೆ ಹೋಗಿ ಪದಗಳ ಪಟ್ಟಿ ಕೇಳಿದರು.

"ಹಳೇವು ತಗೊಳ್ಳಿ. ಕೊನೇದು ಮಾತ್ರ ಕೊಡಲ್ಲಮ್ಮ, ಅದನ್ನ ನಾನೇ ಕಟ್ಟಿದೀನಿ. ನಿಮ್ಮ ಯಂತ್ರಕ್ಕೆ ಹೇಳಿದ್ರೆ ಊರಿಗೇ ಹೇಳಿದಂಗೆ."

ಪಟ್ಟಿಯಲ್ಲಿ ಬ್ರೇಕ್‌ಫಾಸ್ಟಿನ ತಲೆಗೆ ಲಂಚಿನ ಬಾಲ ಸೇರಿದ ಬ್ರಂಚ್ ಇತ್ತು, ಸ್ಮೋಕ್ ಮತ್ತು ಫಾಗ್ ಸೇರಿದ ಸ್ಮಾಗ್ ಇತ್ತು. ಮೋಟರ್ ಮತ್ತು ಹೋಟೆಲ್ ಸೇರಿದ ಮೋಟೆಲ್‌ನಲ್ಲಿ ನಡುವಿನ ಸದ್ದು ಎರಡಕ್ಕೂ ಸೇರಿದ್ದು, ಬೆಸುಗೆ ಕಾಣಿಸುವುದೇ ಇಲ್ಲ. ಸಂಜೆ ಊಟದ ಮೇಜಿನ ಮೇಲೆ ಯಂತ್ರವಿಟ್ಟು, ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿರುವ ಗಂಡನಿಂದ ಪಟ್ಟಿ ಓದಿಸಿದರು.

"ಇದೇನೇ ಇದು, ಗುಜರಿಲಿ ಎರಡು ಗಾಡಿ ಬಿಚ್ಚಿ ಒಂದು ಮಾಡಿದಂಗಿದೆ!"

"ಹೂಂ ರೀ. ಆದ್ರೆ ಕೊನೇ ಗಾಡಿ ಯಾವ್ದು ಅಂತ್ಲೇ ಗೊತ್ತಿಲ್ಲ."

"ಅದಕ್ಕೇನು? ಡಿಪೋಲಿ ಯಾವ ಗಾಡಿ ಕೆಟ್ಟು ಬರುತ್ತೆ ಅಂತ ನಮಗೆ ಮೊದ್ಲೇ ಗೊತ್ತಿರುತ್ತಾ? ಬಿಡಿ ಭಾಗ ಇಟ್ಕೊಂಡಿರ್ತೀವಿ ಅಷ್ಟೇ."

ಬೆರಳಕ್ಕನ ಕೈ ನಿಂತಿತು. ಮರುದಿನದಿಂದ ನಾಲ್ಕು ಸಂಜೆ ಅವರು ಯಂತ್ರಕ್ಕೆ ಅರ್ಧ ಪದಗಳನ್ನು ಕಲಿಸಿದರು. ಯಂತ್ರದಲ್ಲಿ ಉಳಿದಿದ್ದ ಹಳೆಯ ಪಾಠಗಳನ್ನು ತೆರೆದು, ಮೇಷ್ಟ್ರ ಬಾಯಲ್ಲಿ ಮತ್ತೆ ಮತ್ತೆ ಬರುವ ನೂರೈವತ್ತು ಪದ ಹೆಕ್ಕಿದರು. ಹಿಂದಿನ ಬೆಂಚಿನವರಿಗೆ ದಿನವೂ ಬೀಳುವ ಬೈಗುಳವೂ ಅದರಲ್ಲಿತ್ತು. ಪ್ರತಿ ಪದದ ತಲೆಗೆ ಒಂದು ಒತ್ತು, ಬಾಲಕ್ಕೆ ಒಂದು ಒತ್ತು, ಎರಡೂ ಜಾಗ ಬಿಡದೆ ಅಂಟಿಕೊಳ್ಳುವ ಹಾಗೆ.

"ನನ್ನ ಹೆಸರಿಗೆ ಮಾತ್ರ ಕತ್ತರಿ ಹಾಕ್ಬೇಡ ಮಾರಾಯ್ತಿ," ಎಂದು ಗಂಡ ಎದ್ದು ಹೋದರು.

ಪಾಠದ ದಿನ ಹಳೆಯ ಪದಗಳೆಲ್ಲ ಸಲೀಸಾಗಿ ಮುಗಿದವು. ಕೊನೆಗೆ ಮೇಷ್ಟ್ರು ಸೀಮೆಸುಣ್ಣ ಕೆಳಗಿಟ್ಟು ತರಗತಿಯತ್ತ ತಿರುಗಿದರು. ಗೊರಕೆಗೆ ಸ್ನೋರ್ ಎನ್ನುತ್ತೀರಿ, ಪಾಠ ಮಾಡಿ ನಿಮಗೆ ಗೊರಕೆ ಬರಿಸುವ ನನ್ನಂಥ ಪ್ರೊಫೆಸರಿಗೆ ಏನೆನ್ನುತ್ತೀರಿ ಎಂದು ಕೇಳಿ ಒಬ್ಬೊಬ್ಬರ ಮುಖ ನೋಡಿದರು. ಬೆರಳಕ್ಕನಿಗೆ ಉತ್ತರ ಆಗಲೇ ಹೊಳೆದಿತ್ತು. ಆದರೆ ಆಡದ ಮಾತನ್ನು ಅವರು ನ್ಯಾಯಾಲಯದಲ್ಲೂ ಬರೆದವರಲ್ಲ. ಬೆರಳುಗಳು ಕೀಲಿಗಳ ಮೇಲೆ ತಾಗಿಯೂ ತಾಗದಂತೆ ನಿಂತಿದ್ದವು.

"ಪ್ರೊಫೆಸ್ನೋರ್!" ಎಂದರು ಮೇಷ್ಟ್ರು.

ಎರಡೇ ಒತ್ತು: ಪ್ರೊಫೆಸರಿನ ತಲೆ, ಹಿಂದಿನ ಬೆಂಚಿನ ಬೈಗುಳದಿಂದ ಹೆಕ್ಕಿದ ಸ್ನೋರಿನ ಬಾಲ. ತರಗತಿ ಘೊಳ್ಳೆಂದಿತು. ಹುಡುಗಿಯೂ ಬೆಂಚು ತಟ್ಟಿ ನಕ್ಕಳು. ಯಾರೂ ತಿರುಗಿ ನೋಡಲಿಲ್ಲ.

ಗಂಟೆ ಹೊಡೆದ ಮೇಲೆ ಹುಡುಗಿ ಅಂದಿನ ಪಾಠವನ್ನು ಪರದೆಯ ಮೇಲೆ ಸರಿಸುತ್ತ ಹುಬ್ಬುಗಂಟಿಕ್ಕಿದಳು.

"ಅಕ್ಕಾ, ಕೊನೇಲಿ 'ತರಗತಿ ನಗುತ್ತಿದೆ' ಅಂತ ಹಾಕೋದು ಮರೆತಿದೀರ."

ಬೆರಳಕ್ಕ ಯಂತ್ರವನ್ನು ಮತ್ತೆ ಹತ್ತಿರ ಎಳೆದುಕೊಂಡರು. ಪರದೆಯ ಮೇಲೆ ಸಾಲು ಮೂಡಿತು: ನೀನೂ ನಗ್ತಾ ಇದ್ಯಲ್ಲೇ, ನಿಂಗೆ ಬೇರೆ ಹೇಳ್ಬೇಕಾ?